ಬಳ್ಳಾರಿಯಿಂದ ಮೆಟಲ್ ಶೋಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯವನು. 2011ರ ಅಕ್ಟೋಬರ್ 30, ಭಾನುವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ಬ್ಯಾಂಡನ್ನು ನೋಡಿದೆ. ಮೆಟಲ್ ಅಂದರೆ ಹೆವಿ ಮೆಟಲ್, ಗಿಟಾರ್ ಡ್ರಮ್ಮಿನ ಅಬ್ಬರದ ರಾಕ್ ಸಂಗೀತ. ಅಂದಿನಿಂದ ಇಂದಿನವರೆಗೆ ಊರಿನ ಹುಡುಗರು, ಕೊಪ್ಪಳ ರಾಯಚೂರು ಕಡೆಯ ಗೆಳೆಯರು, ಅವರ ತಮ್ಮಂದಿರು ತಂಗಿಯರು ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಮೊದಲ ಸಲ ಹೋಗುವವರಿಗೆ ಉಪಯೋಗವಾಗಲಿ ಅಂತ ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಇಯರ್‌ಫೋನ್‌ನಲ್ಲೇ ಚೆನ್ನಾಗಿ ಕೇಳುತ್ತಲ್ಲಾ, ಮುನ್ನೂರು ಕಿಲೋಮೀಟರ್ ದೂರ ಯಾಕೆ ಹೋಗಬೇಕು?

ಇಯರ್‌ಫೋನ್‌ನಲ್ಲಿ ಹಾಡು ಕಿವಿಗೆ ಮಾತ್ರ ಕೇಳುತ್ತದೆ. ಅಲ್ಲಿ ಎದೆಗೆ ಕೇಳುತ್ತದೆ.

ಕಾಲೇಜಿನಲ್ಲಿದ್ದಾಗ ನಾವು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಕೋಟೆ ಗುಡ್ಡದ ಬುಡದಲ್ಲಿ ಕೂತು ಕೇಳುತ್ತಿದ್ದೆವು. ಅಷ್ಟರಲ್ಲೇ ಹುಚ್ಚು ಹಿಡಿದಿತ್ತು. ಆದರೆ ಆ ಪುಟ್ಟ ಇಯರ್‌ಫೋನ್ ತಗ್ಗಿನ ದನಿಗಳನ್ನು ಪೂರ್ತಿ ಕೊಡುವುದೇ ಇಲ್ಲ. ಡ್ರಮ್ಮಿನಲ್ಲಿ ಕಾಲಿನಿಂದ ಬಾರಿಸುವ ದೊಡ್ಡದೊಂದು ಇರುತ್ತದಲ್ಲಾ, ಅದರ ಏಟು, ಬೇಸ್ ಗಿಟಾರಿನ ನಡುಕ, ಇವೆಲ್ಲ ಗಾಳಿಯನ್ನೇ ತಳ್ಳಿಕೊಂಡು ಬರುವ ಶಬ್ದಗಳು. ಅದಕ್ಕೆ ಮನೆಯಷ್ಟು ಎತ್ತರದ ಸ್ಪೀಕರ್ ಸಾಲು ಬೇಕು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೊಹರಂನಲ್ಲಿ ಹಲಗೆಯನ್ನು ಬೆಂಕಿಗೆ ಹಿಡಿದು ಕಾಸಿ, ಚರ್ಮ ಬಿಗಿಯಾದ ಮೇಲೆ ಬಾರಿಸುತ್ತಾರಲ್ಲ, ಆಗ ಹತ್ತಿರ ನಿಂತಿದ್ದೀರಾ? ಹೊಟ್ಟೆಯೊಳಗೆ ಏನೋ ಅಲುಗುತ್ತದೆ ಅಲ್ವಾ? ಅದೇ ಅದು. ಮೊಬೈಲ್‌ನಲ್ಲಿ ಹಲಗೆಯ ವಿಡಿಯೊ ನೋಡುವುದಕ್ಕೂ ಹಲಗೆಯ ಪಕ್ಕ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸವೋ, ಇದಕ್ಕೂ ಅಷ್ಟೇ. ಹಲಗೆ ಕೇಳಿ ಬೆಳೆದವರಿಗೆ ಮೆಟಲ್ ಹೊಸತಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಆವತ್ತು ಮೆಟಾಲಿಕಾ ಶೋದಲ್ಲಿ ಏನೇನಾಯಿತು? ಪೂರ್ತಿ ಹೇಳಿ.

ಮೊದಲು ಹೆದರಿಕೆ. ಎರಡು ದಿನ ಮುಂಚೆ, 28ರಂದು, ದೆಹಲಿ ಹತ್ತಿರದ ಗುರ್‌ಗಾಂವ್‌ನಲ್ಲಿ ಅವರ ಶೋ ಇತ್ತು. ಜನರೆಲ್ಲ ಬಂದು ಸೇರಿದ ಮೇಲೆ ಅದು ನಿಂತುಹೋಯಿತು. ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿ ಸಾಮಾನು ಒಡೆದರು. ಟಿವಿಯಲ್ಲಿ ಅದನ್ನು ನೋಡಿದಾಗ ನನ್ನ ಕೈಯಲ್ಲಿ ಟಿಕೆಟ್ ಇತ್ತು. ಮೂರು ತಿಂಗಳು ಕೂಡಿಟ್ಟ ದುಡ್ಡು ಅದು. ಬೆಂಗಳೂರಿನದೂ ನಿಂತರೆ? ಹೋಗೋದು ಬೇಡ ಅಂತ ಮನೆಯಲ್ಲಿ ಹೇಳಿದರು. ಆದರೂ ಗೆಳೆಯನೂ ನಾನೂ ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಭಾನುವಾರ ಮಧ್ಯಾಹ್ನವೇ ಮೈದಾನದ ಹೊರಗೆ ಸಾಲು. ಎಲ್ಲಿ ನೋಡಿದರೂ ಕಪ್ಪು ಟೀ ಶರ್ಟ್. ಬಳ್ಳಾರಿಯಲ್ಲಿ ಈ ಸಂಗೀತ ಕೇಳುವವರು ನಾವು ನಾಲ್ಕೈದು ಜನ ಇದ್ದೆವು ಅಷ್ಟೇ. ಅಲ್ಲಿ ಹತ್ತಾರು ಸಾವಿರ ಜನ! ಅಷ್ಟು ವರ್ಷ ಒಂದು ಭಾಷೆಯನ್ನು ಒಬ್ಬನೇ ಆಡಿಕೊಂಡಿದ್ದು, ಆವತ್ತು ಇಡೀ ಊರೇ ಅದನ್ನು ಆಡುವುದು ಕೇಳಿಸಿದ ಹಾಗಾಯಿತು.

ಮೊದಲು ನಮ್ಮ ದೇಶದ ಇನ್ನರ್ ಸ್ಯಾಂಕ್ಟಮ್, ಗಿಲೊಟಿನ್ ತಂಡಗಳು ಬಾರಿಸಿದವು. ಆಮೇಲೆ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ. ನಮ್ಮವರು ಆ ವೇದಿಕೆಯಲ್ಲಿ ನಿಂತಿದ್ದನ್ನು ನೋಡಿ ಗಂಟಲು ಕಟ್ಟಿತು.

ಕತ್ತಲಾದ ಮೇಲೆ ದೀಪಗಳೆಲ್ಲ ಆರಿದವು. ಎನ್ನಿಯೊ ಮೊರಿಕೋನೆ ಎಂಬ ಇಟಲಿಯ ಸಂಗೀತಗಾರ 1966ರ ಒಂದು ಕೌಬಾಯ್ ಸಿನಿಮಾಕ್ಕೆ ಮಾಡಿದ ಸಂಗೀತ ಶುರುವಾಯಿತು. ಮೆಟಾಲಿಕಾ 1983ರಿಂದ ವೇದಿಕೆಗೆ ಬರುವ ಮುಂಚೆ ಅದನ್ನೇ ಹಾಕುತ್ತದೆ. ಅದರಲ್ಲಿ ಮಾತಿಲ್ಲ, ಬರೀ ರಾಗ. ಮೈದಾನ ಪೂರ್ತಿ ಆ ರಾಗವನ್ನು ಒಟ್ಟಿಗೆ ಎತ್ತಿಕೊಂಡಿತು. ನನ್ನ ಪಕ್ಕದಲ್ಲಿದ್ದವನು ಯಾರೋ ಏನೋ, ಅವನು ಅಳುತ್ತಿದ್ದ. ನಾನೂ ಅಳುತ್ತಿದ್ದೆ.

ಆಮೇಲೆ ಮೊದಲ ಏಟು. ಜೇಮ್ಸ್ ಹೆಟ್‌ಫೀಲ್ಡ್ ಗಿಟಾರ್ ಹಿಡಿದು ಮುಂದೆ, ಹಿಂದೆ ಡ್ರಮ್ಮಿನಲ್ಲಿ ಲಾರ್ಸ್ ಉಲ್ರಿಕ್, ಈ ಕಡೆ ಕರ್ಕ್ ಹ್ಯಾಮೆಟ್, ಆ ಕಡೆ ಏಡಿಯ ಹಾಗೆ ಬಗ್ಗಿ ನಡೆಯುವ ರಾಬರ್ಟ್ ಟ್ರುಹಿಯೊ. ಶುರು ಮಾಡಿದ್ದು 1984ರ ಆಲ್ಬಂನ ಹಾಡಿನಿಂದ. ಅಂದರೆ ಆ ಹಾಡು ನನಗಿಂತ ದೊಡ್ಡದು. ಅದರ ನಡುವೆ ಜನರೆಲ್ಲ ಮುಷ್ಟಿ ಎತ್ತಿ ಒಂದೇ ಶಬ್ದ ಕೂಗುವ ಜಾಗ ಒಂದಿದೆ. ಸಾವಿರಾರು ಮುಷ್ಟಿ ಒಂದೇ ತಾಳಕ್ಕೆ ಮೇಲೆದ್ದವು. ಸುತ್ತಲೂ ಅಷ್ಟು ಸದ್ದಿದ್ದರೂ ನನ್ನ ತಲೆಯೊಳಗೆ ಪೂರ್ತಿ ನಿಶ್ಶಬ್ದ. ಪರೀಕ್ಷೆ, ಕೆಲಸ, ದುಡ್ಡು ಏನೂ ಇರಲಿಲ್ಲ. ಅಂಥ ನಿಶ್ಶಬ್ದ ಅದಕ್ಕೂ ಮೊದಲು ನನಗೆ ಗೊತ್ತಿರಲಿಲ್ಲ.

ಮುಗಿದಾಗ ನಾಲ್ವರೂ ಬೇಗ ಒಳಗೆ ಹೋಗಲಿಲ್ಲ. ವೇದಿಕೆಯ ಅಂಚಿನಲ್ಲಿ ನಡೆದಾಡುತ್ತಾ ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಜನರ ಕಡೆ ಎಸೆದರು. ನನಗೆ ಸಿಗಲಿಲ್ಲ. ಗೆಳೆಯನ ಕಾಲ ಹತ್ತಿರ ಒಂದು ಬಿತ್ತು. ಅದು ಈಗಲೂ ಅವನ ಪರ್ಸಿನಲ್ಲಿದೆ.

ಜನ ಒಬ್ಬರನ್ನೊಬ್ಬರು ಗುದ್ದಿಕೊಳ್ಳುತ್ತಾರಂತೆ. ಹೊಡೆದಾಟ ಆಗಲ್ವಾ?

ಅದಕ್ಕೆ ಮಾಶ್ ಪಿಟ್ ಅನ್ನುತ್ತಾರೆ. ಪಿಟ್ ಅಂದರೆ ಕುಣಿ, ಗುಂಡಿ. ನಮ್ಮ ಮೊಹರಂನ ಅಲಾಯಿ ಕುಣಿ ಇದೆಯಲ್ಲಾ, ಬೆಂಕಿ ಹಾಕಿ ಸುತ್ತಲೂ ಹೆಜ್ಜೆ ಹಾಕುತ್ತಾರಲ್ಲ, ನನಗೆ ಮೊದಲು ನೆನಪಾಗಿದ್ದು ಅದೇ. ಇಲ್ಲಿ ಬೆಂಕಿ ಇರುವುದಿಲ್ಲ. ಜನರ ನಡುವೆ ತಾನಾಗಿ ಒಂದು ಖಾಲಿ ಜಾಗ ತೆರೆದುಕೊಳ್ಳುತ್ತದೆ. ಬೇಕಾದವರು ಅದರೊಳಗೆ ಹೋಗಿ ಸುತ್ತು ಓಡುತ್ತಾರೆ, ಭುಜಕ್ಕೆ ಭುಜ ತಾಗಿಸುತ್ತಾರೆ.

ಇದಕ್ಕೊಂದು ಕಟ್ಟಳೆ ಇದೆ, ಯಾರೂ ಬರೆದಿಟ್ಟಿದ್ದಲ್ಲ. ಬಿದ್ದವರನ್ನು ತಕ್ಷಣ ಎತ್ತಬೇಕು. ಕೈ ಬೀಸಿ ಹೊಡೆಯಬಾರದು. ಹೊರಗೆ ನಿಂತವರನ್ನು ಒಳಗೆ ಎಳೆಯಬಾರದು. ಆವತ್ತು ನನ್ನ ಗೆಳೆಯ ಜಾರಿ ಬಿದ್ದ. ಅವನು ನೆಲ ಮುಟ್ಟುವಷ್ಟರಲ್ಲಿ ನಾಲ್ಕು ಕೈ ಅವನ ಕಂಕುಳಲ್ಲಿದ್ದವು. ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ, ಯಾರು ಅಂತ ನೋಡುವ ಮೊದಲೇ ಹೊರಟುಹೋದರು. ಇನ್ನೊಬ್ಬ ಹುಡುಗನ ಕನ್ನಡಕ ಬಿದ್ದಾಗ ಸುತ್ತಲಿದ್ದವರು ಕೈ ಅಡ್ಡ ಹಿಡಿದು ಜಾಗ ಮಾಡಿ, ಸಿಗುವವರೆಗೂ ಯಾರನ್ನೂ ಬಿಡಲಿಲ್ಲ. ಗವಿಮಠದ ತೇರಿನ ದಿನ ಕೊಪ್ಪಳದಲ್ಲಿ ಅಷ್ಟು ಜನರ ನಡುವೆ ನಿಂತು ಉತ್ತತ್ತಿ ಎಸೆದು ಬಂದವರಿಗೆ ಈ ಗುಂಪು ಹೆದರಿಕೆ ಹುಟ್ಟಿಸುವುದಿಲ್ಲ.

ಆದರೂ ಇದು ಎಲ್ಲರಿಗೂ ಬೇಕಾಗಿಲ್ಲ. ಉಸಿರಾಟದ ತೊಂದರೆ, ಮಂಡಿನೋವು ಇದ್ದರೆ ದೂರ ಇರಿ. ಕಂಬಿಗೆ ಒರಗಿ ಮುಂದೆ ನಿಲ್ಲುವುದೂ ಅಷ್ಟು ಸುಲಭವಲ್ಲ, ಹಿಂದಿನ ಒತ್ತಡವೆಲ್ಲ ನಿಮ್ಮ ಪಕ್ಕೆಲುಬಿಗೇ ಬರುತ್ತದೆ. ಎದೆಯ ಮುಂದೆ ಮೊಣಕೈ ಮಡಚಿ ಇಟ್ಟುಕೊಂಡರೆ ಉಸಿರಾಡಲು ಜಾಗ ಇರುತ್ತದೆ. ಜನ ತಳ್ಳಿದ ಕಡೆ ಸ್ವಲ್ಪ ಸರಿಯಿರಿ, ಎದುರು ತಳ್ಳಬೇಡಿ. ಸಾಕು ಅನ್ನಿಸಿದರೆ ನೇರ ಹಿಂದಕ್ಕೆ ಬರಲು ಹೋಗದೆ ಓರೆಯಾಗಿ ಪಕ್ಕಕ್ಕೆ ಬನ್ನಿ.

ಹುಡುಗಿಯರು ಹೋಗಬಹುದಾ?

ಖಂಡಿತ. ನನ್ನ ಚಿಕ್ಕಮ್ಮನ ಮಗಳು ಆಮೇಲಿನ ಒಂದು ಶೋಗೆ ನನ್ನ ಜೊತೆ ಬಂದಿದ್ದಳು. ಹೋಗುವಾಗ ದುಪಟ್ಟಾ ಬಿಗಿಯಾಗಿ ಹಿಡಿದುಕೊಂಡಿದ್ದವಳು ಬರುವಾಗ ಗಂಟಲು ಹೋಗುವಷ್ಟು ಹಾಡಿದ್ದಳು. ಅವಳು ನಿಂತ ಜಾಗ ಹೇಳುತ್ತೇನೆ, ಗಂಡಸರಿಗೂ ಇದು ಒಳ್ಳೆಯ ಜಾಗವೇ. ಮೈದಾನದ ನಡುವೆ ಸೌಂಡ್ ಇಂಜಿನಿಯರ್ ಕೂರುವ ಅಟ್ಟಣಿಗೆ ಇರುತ್ತದೆ. ಅದರ ಮುಂದೆ ನಿಲ್ಲಿ. ಆ ಮನುಷ್ಯ ತನ್ನ ಕಿವಿಗೆ ಸರಿಯಾಗಿ ಕೇಳುವ ಹಾಗೆ ಎಲ್ಲ ಸರಿಮಾಡುತ್ತಾನೆ, ಹಾಗಾಗಿ ಶಬ್ದ ಚೆನ್ನಾಗಿರುವುದು ಅಲ್ಲೇ. ನೂಕಾಟವೂ ಕಡಿಮೆ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸುಮ್ನೆ ಇರಬೇಡಿ, ಜೋರಾಗಿ ಹೇಳಿ. ಪಕ್ಕದವರು ನಿಮ್ಮ ಪರ ನಿಲ್ಲುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ನಾನು ಕನ್ನಡ ಮೀಡಿಯಂ. ಸಾಹಿತ್ಯ ಅರ್ಥವಾಗದೆ ಹೇಗೆ ಕೇಳುವುದು?

ನಾನೂ ಕನ್ನಡ ಮೀಡಿಯಂ. ಮೊದಲ ಒಂದು ವರ್ಷ ನನಗೆ ಒಂದು ಸಾಲೂ ಅರ್ಥವಾಗಿರಲಿಲ್ಲ. ಮೆಟಲ್‌ನಲ್ಲಿ ಹಾಡಿನ ಬೆನ್ನೆಲುಬು ರಿಫ್. ಗಿಟಾರ್ ಮತ್ತೆ ಮತ್ತೆ ಬಾರಿಸುವ ಪುಟ್ಟ ತುಣುಕು ಅದು. ಜನ ಬಾಯಲ್ಲಿ ಹಾಡುವುದೂ ಎಷ್ಟೋ ಸಲ ಅದನ್ನೇ.

ಇನ್ನೊಂದು ವಿಷಯ ತಿಳಿದಾಗ ನನಗೆ ರೋಮಾಂಚನವಾಯಿತು. ಈ ಗಿಟಾರ್‌ಗಳು ಹೆಚ್ಚಾಗಿ ಬಾರಿಸುವುದಕ್ಕೆ ಪವರ್ ಕಾರ್ಡ್ ಅನ್ನುತ್ತಾರೆ. ಅದರಲ್ಲಿ ಇರುವುದು ಎರಡೇ ಸ್ವರ, ಸ ಮತ್ತು ಪ. ಷಡ್ಜ, ಪಂಚಮ! ಆಂಪ್ಲಿಫಯರ್ ಶಬ್ದವನ್ನು ಒರಟು ಮಾಡಿದಾಗ ಜಾಸ್ತಿ ಸ್ವರ ಸೇರಿಸಿದರೆ ಕಲಸಿ ಕೆಸರಾಗುತ್ತದೆ. ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೇ ಅದನ್ನು ಆರಿಸಿಕೊಂಡರು. ನಮ್ಮ ತಂಬೂರಿಯಲ್ಲಿ ಮಿಡಿಯುವುದೂ ಅದೇ ಅಲ್ವಾ? ಗುಡಿಯ ಭಜನೆಯಲ್ಲಿ ಹಾರ್ಮೋನಿಯಂನ ಮೇಲೆ ಒಂದೇ ಸಮನೆ ಹಿಡಿದಿಟ್ಟ ದನಿ ಕೇಳಿ ಬೆಳೆದ ಕಿವಿ ನಮ್ಮದು. ಆ ಕಿವಿಗೆ ಮೆಟಲ್‌ನಲ್ಲಿ ದಾರಿ ತಪ್ಪುವುದಿಲ್ಲ.

ಹೋಗುವ ಮುಂಚೆ ಬ್ಯಾಂಡ್ ಆ ಪ್ರವಾಸದಲ್ಲಿ ಬಾರಿಸುತ್ತಿರುವ ಹಾಡುಗಳ ಪಟ್ಟಿ ಹುಡುಕಿ ಒಂದು ವಾರ ಕೇಳಿ. ಹಾಡು ಗೊತ್ತಿದ್ದರೆ ಖುಷಿ ಎರಡರಷ್ಟಾಗುತ್ತದೆ.

ಕಿವಿ ಹಾಳಾಗಲ್ವಾ?

ಆಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕೆಲಸದ ಜಾಗಗಳಿಗೆ ಇಟ್ಟಿರುವ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಅಷ್ಟೇ. ಮೆಟಲ್ ಶೋ ಎರಡು ಗಂಟೆ, 100 ದಾಟುವುದು ಮಾಮೂಲು.

2011ರಲ್ಲಿ ನನಗೆ ಇದು ಗೊತ್ತಿರಲಿಲ್ಲ. ಶೋ ಮುಗಿದು ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಲೇ ಇತ್ತು. ಅವ್ವ ಕರೆದರೆ ಕೇಳುತ್ತಿರಲಿಲ್ಲ. ಅದು ಹೋಯಿತು, ಆದರೆ ಎಲ್ಲರಿಗೂ ಹೋಗುತ್ತದೆ ಅನ್ನುವ ಹಾಗಿಲ್ಲ. ಒಮ್ಮೆ ಕೆಟ್ಟ ಒಳಕಿವಿಯ ಜೀವಕೋಶ ಮತ್ತೆ ಬೆಳೆಯುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೆತ್ತನೆಯ ಇಯರ್‌ಪ್ಲಗ್ ತಗೊಳ್ಳಿ. ಉಂಡೆ ಹೊಸೆದ ಹಾಗೆ ಬೆರಳಲ್ಲಿ ಹೊಸೆದು ಕಿವಿಗಿಡಿ, ಅದು ಒಳಗೆ ಉಬ್ಬುವವರೆಗೆ ಒತ್ತಿ ಹಿಡಿಯಿರಿ. ಎದೆಗೆ ಬೀಳುವ ಏಟು ಅದರಿಂದ ಕಡಿಮೆಯಾಗುವುದಿಲ್ಲ. ಹತ್ತಿ ಉಪಯೋಗಕ್ಕೆ ಬರಲ್ಲ. ಚಿಕ್ಕ ಮಕ್ಕಳನ್ನು ಕರೆದೊಯ್ದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕೇ ಬೇಕು.

ಏನು ಹಾಕಿಕೊಂಡು ಹೋಗಬೇಕು?

ಕಪ್ಪು ಟೀ ಶರ್ಟ್, ಜೀನ್ಸ್. ಜೀನ್ಸ್‌ಗೆ ಬಳ್ಳಾರಿಯವರು ಎಲ್ಲೂ ಹುಡುಕುವುದು ಬೇಡ, ದೇಶಕ್ಕೆಲ್ಲ ಹೊಲಿದು ಕಳಿಸುವ ಊರು ನಮ್ಮದು. ಕಾಲಿಗೆ ಲೇಸ್ ಕಟ್ಟುವ ಶೂ. ಚಪ್ಪಲಿ ಬೇಡ, ಯಾರದೋ ಬೂಟಿನಡಿ ಬೆರಳು ಸಿಕ್ಕರೆ ಕಷ್ಟ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ.

ಹೋಗಿ ಬರುವುದು ಹೇಗೆ?

ಬಳ್ಳಾರಿ, ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾಯಚೂರಿನವರಿಗೆ ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಹೋಗುವುದು ಸುಲಭ, ಬರುವುದರಲ್ಲೇ ಎಡವಟ್ಟಾಗುವುದು.

ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ನಿಯಮ ಇದೆ. ಹಾಗಾಗಿ ಶೋಗಳು 10ಕ್ಕೆ ಮುಗಿಯುತ್ತವೆ. ಆದರೆ ಅಷ್ಟು ಜನ ಗೇಟು ದಾಟಿ ರಸ್ತೆಗೆ ಬರಲು ಇನ್ನೊಂದು ಗಂಟೆ ಬೇಕು. ಅದೇ ರಾತ್ರಿಯ ರೈಲು ಹಿಡಿಯುತ್ತೇನೆ ಅಂತ ಟಿಕೆಟ್ ಮಾಡಿಸಬೇಡಿ. ನಾವು ಮಾಡಿಸಿದ್ದೆವು. ಮೈದಾನದಿಂದ ಓಡಿದರೂ ರೈಲು ಹೋಗಿಯಾಗಿತ್ತು. ಬೆಳಗಿನ ತನಕ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕೂತು, ಬೆಳಿಗ್ಗೆ ಬಳ್ಳಾರಿ ಬಸ್ ಹತ್ತಿದೆವು. ಒಂದು ರಾತ್ರಿ ಉಳಿಯಲು ಮೊದಲೇ ಜಾಗ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು ಯಾರಾದರೂ ಇದ್ದೇ ಇರುತ್ತಾರೆ. ಮೊಬೈಲ್ ನೆಟ್‌ವರ್ಕ್ ಮೈದಾನದಲ್ಲಿ ಸತ್ತುಹೋಗುತ್ತದೆ, ಅದಕ್ಕೆ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋಗುವ ಮುಂಚೆಯೇ ಒಂದು ಗುರುತು ಮಾತಾಡಿಕೊಳ್ಳಿ.

ಟಿಕೆಟ್ ದುಡ್ಡು ಜಾಸ್ತಿ. ಗೇಟಿನ ಹತ್ತಿರ ಕಡಿಮೆಗೆ ಸಿಗುತ್ತಾ?

ಬೇಡ. ಒಮ್ಮೆ ಹಾಗೆ ತಗೊಂಡ ಟಿಕೆಟ್ ನಕಲಿ ಅಂತ ಗೇಟಿನಲ್ಲಿ ಗೊತ್ತಾಯಿತು. ಒಳಗಿನ ಶಬ್ದ ಗೋಡೆಯಾಚೆ ನಿಂತು ಕೇಳಿದೆ. ಆ ನೋವು ನಿಮಗೆ ಬೇಡ.

ದೊಡ್ಡ ಬ್ಯಾಂಡ್ ಬರುವವರೆಗೆ ಕಾಯಬೇಕಾ?

ಕಾಯುತ್ತಾ ಕೂರಬೇಡಿ. ಒಂದು ಕಾಲ ಇತ್ತು, ಬೆಂಗಳೂರಿಗೆ ಸಾಲಾಗಿ ಬಂದರು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗಿನಿಂದ ಅದು ಶುರು. 2008ರಲ್ಲಿ ಮೆಗಾಡೆತ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2012ರಲ್ಲಿ ಸ್ಲೇಯರ್. ಅವರನ್ನು ನೋಡಿದ ಅಣ್ಣಂದಿರ ಮಾತು ಕೇಳುತ್ತಾ ನಾವು ಬೆಳೆದೆವು.

ಆದರೆ ನಮ್ಮದೇ ರಾಜ್ಯದ ತಂಡಗಳು ಇವೆ. ಕ್ರಿಪ್ಟೋಸ್ 1998ರಿಂದ ಬೆಂಗಳೂರಿನಲ್ಲಿದೆ, ಯುರೋಪ್ ಸುತ್ತಿ ಬಂದಿದೆ. ಬೆವರ್ ಸೀ ಅಂತ ಇನ್ನೊಂದು ತಂಡ ಇದೆ, ನಿಧಾನವಾಗಿ ಎಮ್ಮೆ ನಡೆದ ಹಾಗೆ ತೂಕವಾಗಿ ಬಾರಿಸುತ್ತಾರೆ, ನನಗೆ ತುಂಬಾ ಇಷ್ಟ. 2012ರಲ್ಲಿ ಶುರುವಾದ ಬೆಂಗಳೂರ್ ಓಪನ್ ಏರ್ ಎಂಬ ಉತ್ಸವ ಮೆಟಲ್‌ಗೆಂದೇ ಇರುವುದು. ಇನ್ನೂರು ಜನ ಹಿಡಿಸುವ ಕೋಣೆಯಲ್ಲಿ ಬಾರಿಸುವವರ ಬೆವರು ಕಾಣುವಷ್ಟು ಹತ್ತಿರ ನಿಂತು ಕೇಳುವುದು ಬೇರೆಯೇ ಅನುಭವ. ಶೋ ಮುಗಿದ ಮೇಲೆ ಅವರೇ ಕೆಳಗಿಳಿದು ಬಂದು ಮಾತಾಡುತ್ತಾರೆ. ಬಳ್ಳಾರಿಯಿಂದ ಬಂದಿದ್ದೇನೆ ಅಂದರೆ ಕೈ ಹಿಡಿದುಕೊಳ್ಳುತ್ತಾರೆ.

ಇದು ಸೈತಾನನ ಸಂಗೀತ ಅಂತಾರೆ. ಮನೆಯಲ್ಲಿ ಏನು ಹೇಳಲಿ?

ತಲೆಬುರುಡೆಯ ಚಿತ್ರ ನೋಡಿ ಹೆದರುವುದು ಸಹಜ. ನಮ್ಮ ಬಯಲಾಟದಲ್ಲಿ ರಕ್ಕಸ ಬಂದಾಗಲೂ ಮಕ್ಕಳು ಹೆದರುತ್ತವೆ. ನಾನು ಮನೆಯಲ್ಲಿ ವಾದ ಮಾಡಲಿಲ್ಲ. ಒಂದು ಕಥೆ ಹೇಳಿದೆ.

ನಮ್ಮ ಅಪ್ಪ ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸ ಮಾಡಿದವರು. ಶಿಫ್ಟ್ ಮುಗಿಸಿ ಬಂದು ಮಲಗಿದಾಗ ನನ್ನ ಕೋಣೆಯ ಸದ್ದು ಅವರಿಗೆ ಆಗುತ್ತಿರಲಿಲ್ಲ. ಮೆಟಾಲಿಕಾ ನೋಡಿ ಬಂದ ದಿನ ಸಂಜೆ, ಈ ಗದ್ದಲ ಶುರು ಮಾಡಿದವರು ಯಾರು ಅಂತ ಕೇಳಿದರು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಮ್ಮ ಹಾಗೆಯೇ ಕಬ್ಬಿಣದ ಊರು ಅಂದೆ. ಅಲ್ಲಿ ಟೋನಿ ಅಯೋಮಿ ಅಂತ 17 ವರ್ಷದ ಹುಡುಗ ಶೀಟ್ ಮೆಟಲ್ ಕಾರ್ಖಾನೆಯಲ್ಲಿದ್ದ. ಆವತ್ತು ಅವನ ಕೆಲಸದ ಕೊನೆಯ ದಿನ, ಮರುದಿನದಿಂದ ಬ್ಯಾಂಡ್ ಜೊತೆ ಹೋಗುವವನು. ಪ್ರೆಸ್ ಮಷೀನ್ ನಡೆಸುವವರು ಬಂದಿರಲಿಲ್ಲ, ಇವನನ್ನು ಕೂರಿಸಿದರು. ಬಲಗೈಯ ಎರಡು ಬೆರಳ ತುದಿ ಹೋದವು. ಎಡಚ ಅವನು, ತಂತಿ ಒತ್ತುವ ಕೈ ಅದೇ. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ತೆಳ್ಳನೆಯ ತಂತಿ ಹಾಕಿದ. ಆಮೇಲೆ ತಂತಿಗಳನ್ನು ಸಡಿಲ ಮಾಡಿ ಶ್ರುತಿಯನ್ನೇ ಕೆಳಗಿಳಿಸಿದ. 1968ರಲ್ಲಿ ಅವನು ಗೆಳೆಯರ ಜೊತೆ ಕಟ್ಟಿದ ತಂಡವೇ ಬ್ಲ್ಯಾಕ್ ಸಬತ್. 1970ರ ಫೆಬ್ರುವರಿಯಲ್ಲಿ ಅವರ ಮೊದಲ ಆಲ್ಬಂ ಬಂತು. ಹೆವಿ ಮೆಟಲ್ ಅಲ್ಲಿಂದ ಶುರು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಯಾವ ಮಷೀನು ಅಂದಿ?" ಅಂತ ಮತ್ತೆ ಕೇಳಿದರು. ಪ್ರೆಸ್ ಅಂದೆ. "ಬದಲಿ ಕೂರಿಸಿದ್ರಾ?" ಹೌದು ಅಂದೆ.

ಇಯರ್‌ಫೋನಿನ ಒಂದು ಕಡೆ ಅವರ ಕಿವಿಗಿಟ್ಟೆ, ಇನ್ನೊಂದು ನನ್ನ ಕಿವಿಗೆ. ಹಾಡು ಮುಗಿಯುವ ತನಕ ಅವರು ತಮ್ಮ ಬಲಗೈ ಬೆರಳುಗಳನ್ನೇ ನೋಡುತ್ತಾ ಕೂತಿದ್ದರು.

"ಬೆರಳು ಹೋದ ಮ್ಯಾಲೆ ಬಾರಿಸಿದ್ದಾ ಇದು?"

"ಹೌದಪ್ಪ."

"ಇನ್ನೊಂದ್ಸಲ ಹಚ್ಚು."